ಅವರೆ ಬಂದಿದೆ, ಅಡುಗೆ ಕಲಿಯಿರಿ

ಅಡುಗೆ ಕಲಿಯಬೇಕು ಅಂದುಕೊಂಡವರು ಸಾಮಾನ್ಯವಾಗಿ ಮೊದಲು ರೆಸಿಪಿ ಹುಡುಕುತ್ತಾರೆ. ಆಮೇಲೆ ಅದರಲ್ಲಿರುವ ಸಾಮಾನಿಗಾಗಿ ಅಂಗಡಿ ಅಂಗಡಿ ಅಲೆಯುತ್ತಾರೆ. ಇದನ್ನು ತಿರುಗಿಸಿ ಮಾಡಿ ನೋಡಿ. ಮೊದಲು ಮಾರುಕಟ್ಟೆಗೆ ಹೋಗಿ. ಈ ವಾರ ಯಾವುದು ರಾಶಿ ಬಿದ್ದಿದೆ, ಯಾವುದರ ರೇಟು ಇಳಿದಿದೆ ಎಂದು ನೋಡಿ, ಅದನ್ನೇ ತನ್ನಿ. ಕಾಲಕ್ಕೆ ಸರಿಯಾಗಿ ಬಂದ ತರಕಾರಿಗೆ ತನ್ನದೇ ರುಚಿ ಇರುತ್ತದೆ. ಹೊಸಬರ ಸಣ್ಣಪುಟ್ಟ ತಪ್ಪುಗಳನ್ನು ಆ ರುಚಿಯೇ ಮುಚ್ಚಿಬಿಡುತ್ತದೆ. ಅಗ್ಗವಾಗಿ ಸಿಗುವುದರಿಂದ ಒಂದು ಸಲ ಕೆಟ್ಟರೂ ಬೇಜಾರಿಲ್ಲ, ನಾಡಿದ್ದು ಇನ್ನೊಮ್ಮೆ ಮಾಡಬಹುದು.

ಬೆಂಗಳೂರು, ಕೋಲಾರ, ರಾಮನಗರ, ತುಮಕೂರು, ಮಂಡ್ಯ, ಮೈಸೂರು ಕಡೆಯವರಿಗೆ ಡಿಸೆಂಬರ್, ಜನವರಿಯಲ್ಲಿ ಯೋಚನೆಯೇ ಬೇಡ. ಅವರೆಕಾಯಿ ತನ್ನಿ. ಕಲಿಯುವವರಿಗೆ ನಾನು ಮೊದಲು ಹೇಳುವ ಅಡುಗೆ ಹಿತಕಬೇಳೆ ಸಾರು, ಅಂದರೆ ನೆನೆಸಿದ ಅವರೆಕಾಳನ್ನು ಹಿತುಕಿ ಸಿಪ್ಪೆ ತೆಗೆದ ಬೇಳೆಯ ಸಾರು. ಕಷ್ಟದ ಅಡುಗೆ ಅಂತ ಇದಕ್ಕೆ ಹೆಸರಿದೆ. ನಿಜ ಹೇಳಬೇಕೆಂದರೆ ಕಷ್ಟ ಇಲ್ಲ, ಕೆಲಸ ಜಾಸ್ತಿ ಅಷ್ಟೇ. ಕಾಳು ಆರಿಸುವುದು, ನೆನೆಸುವುದು, ಮಸಾಲೆ ಹುರಿಯುವುದು, ರುಬ್ಬುವುದು, ಒಗ್ಗರಣೆ, ಹದವಾಗಿ ಕುದಿಸುವುದು, ಎಲ್ಲವೂ ಇದೊಂದರಲ್ಲೇ ಬರುತ್ತವೆ. ಇದು ಕೈಗೆ ಹತ್ತಿದರೆ ವರ್ಷದ ಅರ್ಧ ಸಾರುಗಳು ಬಂದಂತೆ.

ಅವರೆ ಚಳಿಗೇ ಯಾಕೆ?

ನಾಟಿ ಅವರೆ ಹಗಲಿನ ಉದ್ದ ನೋಡಿಕೊಂಡು ಹೂ ಬಿಡುವ ಗಿಡ. ಮಳೆಗಾಲದಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುನಡುವೆ ಬೇರೆ ಬೆಳೆಗೆ ಬಿಟ್ಟ ಸಾಲಿನಲ್ಲಿ ಬಿತ್ತಿರುತ್ತಾರೆ. ಹಗಲು ಚಿಕ್ಕದಾಗುತ್ತಾ ಬರುವವರೆಗೆ ಅದು ಸುಮ್ನೆ ಎಲೆ, ಬಳ್ಳಿ ಬೆಳೆಸಿಕೊಂಡು ಕಾಯುತ್ತದೆ. ರಾಗಿ ಕೊಯ್ಲಾಗುವ ಹೊತ್ತಿಗೆ ಹೂ, ಕಾಯಿ. ನೆಲದಲ್ಲಿ ಉಳಿದ ಪಸೆ ಮತ್ತು ಬೆಳಗಿನ ಇಬ್ಬನಿ ಅದಕ್ಕೆ ಸಾಕು. ಆ ಕಾಯಿಯ ಮೇಲೆ ಎಣ್ಣೆಯಂಥ ಜಿಗುಟು ಇರುತ್ತದೆ, ಗಾಢವಾದ ವಾಸನೆ ಇರುತ್ತದೆ. ಅದೇ ಸೊಗಡು. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎನ್ನುತ್ತಾರೆ ರೈತರು.

ಈಗ ಏಪ್ರಿಲ್‌ನಲ್ಲೂ ಅವರೆಕಾಯಿ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಹೌದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆ ತಳಿಗಳನ್ನು ತಂದಿದೆ. ಎಚ್‌.ಎ. 3, ಎಚ್‌.ಎ. 4 ಎಂಬವು ಹಗಲಿನ ಉದ್ದಕ್ಕೆ ಕಾಯುವುದಿಲ್ಲ, ವರ್ಷದಲ್ಲಿ ಯಾವಾಗ ಬಿತ್ತಿದರೂ ಕಾಯಿ ಬಿಡುತ್ತವೆ. ರೈತರಿಗೆ ಇದರಿಂದ ಒಳ್ಳೆಯದೇ ಆಗಿದೆ. ಆದರೆ ಬೇಸಿಗೆಯ ಕಾಯಿಯಲ್ಲಿ ಚಳಿಗಾಲದ ಸೊಗಡು ಇರುವುದಿಲ್ಲ. ಕಲಿಯುವ ಸಾರನ್ನಂತೂ ಸೊಗಡಿನ ಕಾಯಲ್ಲೇ ಮಾಡಿ.

ಕಾಯಿ ಕೊಳ್ಳುವುದು

ಬೆಳಿಗ್ಗೆಯೇ ಹೋಗಿ. ರಾಶಿಯಿಂದ ಒಂದು ಕಾಯಿ ತೆಗೆದು ಉಗುರಿನಿಂದ ಕೆರೆದು ಮೂಸಿ ನೋಡಿ. ವಾಸನೆ ಬೆರಳಿಗೆ ಅಂಟಿಕೊಂಡರೆ ಅದು ಸೊಗಡಿನ ಕಾಯಿ. ವಾಸನೆ ಇಲ್ಲದಿದ್ದರೆ ಮುಂದಿನ ಗಾಡಿಗೆ ಹೋಗಿ. ಕಾಯಿ ಹಸಿರಾಗಿದ್ದು, ಒಳಗಿನ ಕಾಳು ಹೊರಗಿನಿಂದಲೇ ಉಬ್ಬಿ ಕಾಣಬೇಕು. ಚಪ್ಪಟೆ ಕಾಯಲ್ಲಿ ಕಾಳು ತೀರಾ ಎಳಸು, ಹಿತುಕಿದರೆ ಜಜ್ಜಿಹೋಗುತ್ತದೆ. ಹಳದಿ ತಿರುಗಿ ಮುದುಡಿದ ಕಾಯಿ ಬಲಿತಿದೆ, ಹಿತಕಬೇಳೆಗೆ ಬೇಡ. ಸಣ್ಣ ತೂತು ಕಂಡರೆ ಒಳಗೆ ಹುಳ ಇರುತ್ತದೆ. ಅವರೆಯಲ್ಲಿ ಒಂದೆರಡು ಹುಳ ಸಾಮಾನ್ಯ, ಗಾಬರಿ ಬೇಡ. ಆ ಕಾಳು ಬಿಸಾಡಿದರಾಯಿತು.

ನಾಲ್ಕು ಜನರ ಸಾರಿಗೆ ಒಂದೂವರೆ ಕಿಲೋ ಕಾಯಿ ಬೇಕು. ಸಿಪ್ಪೆಯೇ ಜಾಸ್ತಿ ಹೋಗುತ್ತದೆ. ಒಂದು ಕಿಲೋ ಕಾಯಿಂದ ಅರ್ಧ ಕಿಲೋ ಕಾಳು ಕೂಡ ಬರುವುದಿಲ್ಲ. ಬಿಡಿಸಿದ ಕಾಳು, ಹಿತುಕಿದ ಬೇಳೆ ಎರಡೂ ಬೀದಿ ಬದಿಯಲ್ಲಿ ಸಿಗುತ್ತವೆ. ಹೊತ್ತಿಲ್ಲದವರು ಕೊಳ್ಳಲಿ, ತಪ್ಪೇನಿಲ್ಲ. ಆದರೆ ಬೇಳೆ ಅವತ್ತೇ ಹಿತುಕಿದ್ದಾ ಎಂದು ಕೇಳಿ. ನೀರಲ್ಲಿ ಜಾಸ್ತಿ ಹೊತ್ತು ಇದ್ದ ಬೇಳೆ ಹುಳಿ ವಾಸನೆ ಹೊಡೆಯುತ್ತದೆ.

ಬಿಡಿಸಿ, ನೆನೆಸಿ, ಹಿತುಕಿ

ಸಂಜೆ ಕಾಯಿ ಬಿಡಿಸಿ. ಮನೆಯವರನ್ನೆಲ್ಲ ಸುತ್ತ ಕೂರಿಸಿಕೊಳ್ಳಿ, ಒಬ್ಬರೇ ಕೂತರೆ ಬೇಸರ ಬರುತ್ತದೆ. ಬಿಡಿಸುವಾಗಲೇ ಕಾಳನ್ನು ಎರಡು ಪಾತ್ರೆಗೆ ಹಾಕಿ. ದಪ್ಪ ಕಾಳು ಒಂದಕ್ಕೆ, ತೀರಾ ಎಳೆಯವು ಇನ್ನೊಂದಕ್ಕೆ. ಎಳೆಯವು ಮಾರನೆಯ ದಿನದ ಉಪ್ಪಿಟ್ಟಿಗಿರಲಿ.

ದಪ್ಪ ಕಾಳನ್ನು ತೊಳೆದು, ಮುಳುಗಿ ಎರಡು ಬೆರಳು ಮೇಲೆ ನಿಲ್ಲುವಷ್ಟು ನೀರು ಹಾಕಿ ರಾತ್ರಿಯಿಡೀ ನೆನೆಸಿ. 7ರಿಂದ 8 ಗಂಟೆ ಸಾಕು. ಬೆಳಿಗ್ಗೆ ಸಿಪ್ಪೆ ಊದಿ ಸಡಿಲವಾಗಿರುತ್ತದೆ. ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒಂದು ತುದಿಯಿಂದ ಒತ್ತಿ. ಇನ್ನೊಂದು ತುದಿಯಿಂದ ಬೇಳೆ ಪುಳಕ್ಕನೆ ಆಚೆ ಬರುತ್ತದೆ. ಜೋರಾಗಿ ಒತ್ತಿದರೆ ಗೋಡೆಗೆ ಹಾರುತ್ತದೆ, ಹಾಗಾಗಿ ಪಾತ್ರೆಯ ಒಳಗೇ ಕೈ ಇಟ್ಟು ಹಿತುಕಿ. ಮೊದಲ ಹಿಡಿ ಕಾಳಿಗೆ ಬೆರಳು ತಡವರಿಸುತ್ತದೆ. ಆಮೇಲೆ ಕಣ್ಣು ಬೇರೆಡೆ ಇದ್ದರೂ ಕೈ ನಡೆಯುತ್ತದೆ. ಹಸಿ ಕಾಳು, ಬೇಳೆ ಬಾಯಿಗೆ ಹಾಕಿಕೊಳ್ಳಬೇಡಿ, ಮಕ್ಕಳಿಗೂ ಕೊಡಬೇಡಿ. ಅವರೆ ಚೆನ್ನಾಗಿ ಬೆಂದ ಮೇಲೆಯೇ ತಿನ್ನಬೇಕು.

ಮಸಾಲೆ: ಕೈ ಹಿಡಿತ ಇರಲಿ

ಹಿತಕಬೇಳೆ ಸಾರು ಕೆಡುವುದು ಹೆಚ್ಚಾಗಿ ಇಲ್ಲೇ. ಚಕ್ಕೆ, ಲವಂಗ ಸ್ವಲ್ಪ ಜಾಸ್ತಿಯಾದರೆ ಸೊಗಡು ಸತ್ತುಹೋಗುತ್ತದೆ. ಆಮೇಲೆ ಅದು ಅವರೆ ಸಾರೋ, ಯಾವುದೋ ಕುರ್ಮಾನೋ ಗೊತ್ತಾಗುವುದಿಲ್ಲ. ಎರಡು ಲೋಟ ಬೇಳೆಗೆ ಕಿರುಬೆರಳ ಉಗುರಿನಷ್ಟು ಚಕ್ಕೆ, ಎರಡೇ ಲವಂಗ. ಅದಕ್ಕಿಂತ ಬೇಡ.

ಬಾಣಲೆಗೆ ಒಂದು ಚಮಚ ಎಣ್ಣೆ ಹಾಕಿ. ಚಕ್ಕೆ, ಲವಂಗ, ಅರ್ಧ ಚಮಚ ಗಸಗಸೆ ಬಿಸಿ ಮಾಡಿ. ಗಸಗಸೆ ಬೇಗ ಸೀಯುತ್ತದೆ, ಉರಿ ಸಣ್ಣಗಿರಲಿ. ಅದಕ್ಕೆ ಹೆಚ್ಚಿದ ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಒಂದು ಸಣ್ಣ ತುಂಡು ಶುಂಠಿ ಹಾಕಿ. ಈರುಳ್ಳಿ ಅಂಚು ಕೆಂಪಾಗುವವರೆಗೆ ಹುರಿಯಿರಿ. ಆಮೇಲೆ ಒಂದು ಟೊಮೆಟೊ ಹಾಕಿ ಮೆತ್ತಗಾಗಲಿ. ಒಲೆ ಆರಿಸಿ, ಆ ಬಿಸಿಯಲ್ಲೇ ಎರಡು ಚಮಚ ಧನಿಯಾ ಪುಡಿ, ಒಂದು ಚಮಚ ಅಚ್ಚ ಖಾರದ ಪುಡಿ ಬೆರೆಸಿ. ಪುಡಿಯನ್ನು ಉರಿಯ ಮೇಲೆ ಹುರಿದರೆ ಕಹಿಯಾಗುತ್ತದೆ. ಆರಿದ ಮೇಲೆ ಅರ್ಧ ಲೋಟ ತೆಂಗಿನ ತುರಿ, ಒಂದು ಚಮಚ ಹುರಿಗಡಲೆ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಹುರಿಗಡಲೆ ಸಾರಿಗೆ ಗಟ್ಟಿತನ ಕೊಡುತ್ತದೆ. ಜಾಸ್ತಿಯಾದರೆ ಸಾರು ಆರುತ್ತಲೇ ಗೊಜ್ಜಿನಂತಾಗುತ್ತದೆ.

ಬೆಳಗಿನ ತರಾತುರಿ ಬೇಡವೆಂದರೆ ಮಸಾಲೆಯನ್ನು ಹಿಂದಿನ ರಾತ್ರಿಯೇ ರುಬ್ಬಿ ಫ್ರಿಜ್ಜಿನಲ್ಲಿಡಬಹುದು.

ಸಾರು

ಅಗಲ ಪಾತ್ರೆ ತೆಗೆದುಕೊಳ್ಳಿ. ಕುಕ್ಕರ್ ಬೇಡ. ಹಿತುಕಿದ ಬೇಳೆ ಬಹಳ ಮೃದು, ಕುಕ್ಕರಿನಲ್ಲಿ ಒಂದು ಕೂಗು ಹೆಚ್ಚಾದರೂ ಕರಗಿಹೋಗುತ್ತದೆ. ಜತೆಗೆ ತೆರೆದ ಪಾತ್ರೆಯಲ್ಲಿ ಬೇಯುವುದನ್ನು ಕಣ್ಣಾರೆ ನೋಡುತ್ತಾ ಕಲಿಯಬಹುದು.

ಎರಡು ಚಮಚ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ. ಕರಿಬೇವು, ಸಣ್ಣಗೆ ಹೆಚ್ಚಿದ ಅರ್ಧ ಈರುಳ್ಳಿ ಹಾಕಿ ಬಾಡಿಸಿ. ಬೇಳೆಯ ನೀರು ಬಸಿದು ಹಾಕಿ, ಚಿಟಿಕೆ ಅರಿಶಿನ ಸೇರಿಸಿ, ಎರಡು ಮೂರು ನಿಮಿಷ ಮೆಲ್ಲಗೆ ಕೈಯಾಡಿಸಿ. ಸೊಗಡು ಮನೆಯೆಲ್ಲ ಹರಡುವುದು ಈಗ. ನಂತರ ಮೂರು ಲೋಟ ಬಿಸಿನೀರು ಹಾಕಿ, ಅರ್ಧ ಮುಚ್ಚಿ, ಮಧ್ಯಮ ಉರಿಯಲ್ಲಿ ಬೇಯಿಸಿ. 10 ನಿಮಿಷ ಆದ ಮೇಲೆ ಒಂದು ಬೇಳೆ ತೆಗೆದು ಬೆರಳಲ್ಲಿ ಒತ್ತಿ ನೋಡಿ. ನಡುವೆ ಗಟ್ಟಿ ಇದ್ದರೆ ಇನ್ನೂ ಐದು ನಿಮಿಷ. ಗಡಿಯಾರಕ್ಕಿಂತ ಬೆರಳನ್ನು ನಂಬಿ, ಯಾಕೆಂದರೆ ಒಂದೊಂದು ಹೊಲದ ಕಾಳು ಒಂದೊಂದು ಥರ ಬೇಯುತ್ತದೆ.

ಬೇಳೆ ಬೆಂದ ಮೇಲೆಯೇ ಮಸಾಲೆ, ಉಪ್ಪು. ಟೊಮೆಟೊ ಹುಳಿ ಮೊದಲೇ ಸೇರಿದರೆ ಬೇಳೆ ಬೇಯಲು ಹಟ ಮಾಡುತ್ತದೆ. ಮಸಾಲೆ ಹಾಕಿದ ಮೇಲೆ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕುದಿಯಲಿ. ಮೊದಲು ಹಸಿ ಬೆಳ್ಳುಳ್ಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಅದು ಹೋಗಿ, ಅಂಚಿನಲ್ಲಿ ಸಣ್ಣಗೆ ಎಣ್ಣೆ ಕಂಡರೆ ಆಯಿತು. ಇಳಿಸಿ ಕಾಲು ಗಂಟೆ ಮುಚ್ಚಿಡಿ. ಬೇಳೆ ಸಾರು ಹೀರಿಕೊಳ್ಳಬೇಕು, ಬಿಸಿಬಿಸಿಯಾಗಿ ಬಡಿಸಿದರೆ ಸಾರು ಬೇರೆ, ಬೇಳೆ ಬೇರೆ ಅನ್ನಿಸುತ್ತದೆ. ಬಿಸಿ ರಾಗಿಮುದ್ದೆ ಇದಕ್ಕೆ ಸರಿಯಾದ ಜೋಡಿ. ಮುದ್ದೆ ಬಾರದವರು ಅಕ್ಕಿರೊಟ್ಟಿಯೊಂದಿಗೋ ದೋಸೆಯೊಂದಿಗೋ ತಿನ್ನಿ.

ಸಾರು ಸಪ್ಪೆ ಅನ್ನಿಸಿತಾ? ಖಾರ ಸುರಿಯುವ ಮೊದಲು ಉಪ್ಪು ನೋಡಿ. ಹೊಸಬರು ಹೆದರಿ ಉಪ್ಪು ಕಡಿಮೆ ಹಾಕಿರುತ್ತಾರೆ. ಖಾರವೇ ಜಾಸ್ತಿಯಾಗಿದ್ದರೆ ಎರಡು ಚಮಚ ತೆಂಗಿನ ತುರಿ ರುಬ್ಬಿ ಹಾಕಿ ಕುದಿಸಿ. ನೀರಾಗಿದ್ದರೆ ಒಂದು ಸೌಟು ಬೇಳೆ ಮಸೆದು ಅದಕ್ಕೇ ಬೆರೆಸಿ.

ಅದೇ ಕಾಳು, ಬೇರೆ ಬೇರೆ ದಿನ

ಒಂದು ಋತುವಿನಲ್ಲಿ ಈ ಸಾರನ್ನು ನಾಲ್ಕೈದು ಸಲವಾದರೂ ಮಾಡಿ. ವಾರಕ್ಕೊಂದು ಹೊಸ ಅಡುಗೆ ಮಾಡಿ ಮರೆಯುವುದಕ್ಕಿಂತ ಇದು ಮೇಲು. ನಡುವೆ ಹಿತುಕಲು ಪುರುಸೊತ್ತಿಲ್ಲದ ದಿನ ಇಡೀ ಕಾಳಿಗೇ ಇದೇ ಮಸಾಲೆ ಹಾಕಿ, ಬದನೆಕಾಯಿ, ಆಲೂಗಡ್ಡೆ ಸೇರಿಸಿ. ಇಲ್ಲವೇ ಒಂದು ಕಟ್ಟು ಸಬ್ಬಸಿಗೆ ಸೊಪ್ಪು ಹಾಕಿ. ಸಬ್ಬಸಿಗೆ, ಅವರೆ ಒಂದನ್ನೊಂದು ಬಹಳ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಎಳೆಕಾಳನ್ನು ಬೇಯಿಸಿ ಉಪ್ಪಿಟ್ಟಿಗೆ, ಅಕ್ಕಿರೊಟ್ಟಿ ಹಿಟ್ಟಿಗೆ ಹಾಕಿ. ಎಷ್ಟು ಬಗೆ ಮಾಡಬಹುದೆಂದು ನೋಡುವ ಆಸೆ ಇದ್ದರೆ ಜನವರಿಯಲ್ಲಿ ಬೆಂಗಳೂರಿನ ಅವರೆಬೇಳೆ ಮೇಳಕ್ಕೆ ಹೋಗಿ. ವಿ.ವಿ. ಪುರದ ತಿಂಡಿ ಬೀದಿಯಿಂದ ಹೆಸರಾದ ಮೇಳ ಅದು. ದೋಸೆಯಿಂದ ಜಿಲೇಬಿವರೆಗೆ ಎಲ್ಲದರಲ್ಲೂ ಅವರೆ.

ಬಿಡಿಸಿದ ಕಾಳು ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಹಿತುಕಿದ ಬೇಳೆಯನ್ನು ನೀರು ಪೂರ್ತಿ ಆರಿಸಿ, ಒಂದೊಂದು ಸಾರಿಗೆ ಆಗುವಷ್ಟು ಬೇರೆ ಬೇರೆ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಟ್ಟರೆ ಋತು ಮುಗಿದ ಮೇಲೂ ಒಂದೆರಡು ಸಾರಾಗುತ್ತದೆ. ಅಮೆರಿಕದಲ್ಲಿರುವ ನಮ್ಮವರು ಇಂಡಿಯನ್ ಸ್ಟೋರಿನಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಎಂಬ ಫ್ರೋಜನ್ ಪೊಟ್ಟಣ ನೋಡಿ. ಅದೂ ಅವರೆ ಜಾತಿಯ ಕಾಳೇ. ಸೊಗಡು ಕಡಿಮೆ, ಆದರೆ ಇದೇ ಕ್ರಮದಲ್ಲಿ ಸಾರಾಗುತ್ತದೆ.

ಉತ್ತರ ಕರ್ನಾಟಕದವರ ಚಳಿಗಾಲ ಬೇರೆ. ಕಲಬುರಗಿ, ಬೀದರ್ ಕಡೆ ಎಳ್ಳ ಅಮಾವಾಸ್ಯೆಗೆ ಮಾಡುವ ಭಜ್ಜಿಯಲ್ಲಿ (ಇದು ಕರಿದ ಬಜ್ಜಿಯಲ್ಲ, ಪಲ್ಯ) ಆ ಹೊತ್ತಿಗೆ ಹೊಲದಲ್ಲಿರುವ ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲವೂ ಬೀಳುತ್ತವೆ. ಜತೆಗೆ ಸಜ್ಜೆ ರೊಟ್ಟಿ. ಅಲ್ಲಿಯವರು ಕಲಿಕೆಯನ್ನು ಅದರಿಂದಲೇ ಶುರು ಮಾಡಲಿ.

ಅವರೆ ಹೋಯಿತು, ಮುಂದೆ?

ಮಾರ್ಚ್ ಬಂದರೆ ಹುರಿದ ಮಸಾಲೆ ಯಾರಿಗೂ ಬೇಡ. ಆಗ ಮಾವಿನಕಾಯಿ. ಯುಗಾದಿಯ ಹೊತ್ತಿಗೆ ಚಿತ್ರಾನ್ನ ಕಲಿಯಿರಿ. ಅನ್ನ ಉದುರಾಗಿರಲಿ, ಪೂರ್ತಿ ಆರಿರಲಿ. ಒಗ್ಗರಣೆಯಲ್ಲಿ ಕಡಲೆಬೀಜ, ಕಡಲೆಬೇಳೆ, ಉದ್ದಿನಬೇಳೆ, ಸಾಸಿವೆ, ಒಣಮೆಣಸಿನಕಾಯಿ, ಇಂಗು, ಕರಿಬೇವು, ಅರಿಶಿನ. ಕೊನೆಗೆ ಮಾವಿನ ತುರಿ, ಉಪ್ಪು, ಎರಡು ನಿಮಿಷ ಬಾಡಿಸಿ ಅನ್ನಕ್ಕೆ ಕಲಸಿ. ತುರಿ ಎಷ್ಟು ಹಾಕಬೇಕು ಅನ್ನುವುದನ್ನು ಯಾವ ರೆಸಿಪಿಯೂ ಹೇಳಲಾರದು. ಗಿಣಿಮೂತಿ ಕಾಯಿ ಹುಳಿ ಕಡಿಮೆ, ನಾಟಿ ಕಾಯಿ ಹಲ್ಲು ಚುಳ್ಳೆನ್ನಿಸುತ್ತದೆ. ಮೊದಲು ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ, ಆಮೇಲೆ ತುರಿಯಿರಿ. ಏಪ್ರಿಲ್, ಮೇ ತಿಂಗಳಿಗೆ ಸೌತೆಕಾಯಿ, ಬೂದುಗುಂಬಳದ ಮಜ್ಜಿಗೆಹುಳಿ. ಯಾವ ತರಕಾರಿ, ಯಾವ ಹಣ್ಣು ಯಾವಾಗ ಎಂಬ ಅಂದಾಜಿಗೆ ಹಾಪ್‌ಕಾಮ್ಸ್ ಮಳಿಗೆಯ ದಿನದ ದರ ಪಟ್ಟಿ ನೋಡುತ್ತಿರಿ. ರೇಟು ಸತತವಾಗಿ ಇಳಿಯುತ್ತಿದ್ದರೆ ಅದರ ಕಾಲ ಬಂತು ಎಂದರ್ಥ.

ಬೇಸಿಗೆಯ ಕೊನೆಗೆ ಹಲಸಿನ ಬೀಜ ಕೂಡಿಟ್ಟುಕೊಳ್ಳಿ. ಮಳೆ ಹಿಡಿದಾಗ ಹಲಸಿನ ಬೀಜ, ಬದನೆಕಾಯಿಗೆ ಅವರೆಯಲ್ಲಿ ಕಲಿತ ಅದೇ ಮಸಾಲೆ ಹಾಕಿ. ಮೊಳಕೆ ಹುರುಳಿಕಾಳಿಗೂ ಅದೇ ಆಗುತ್ತದೆ, ಆದರೆ ಕಾಳನ್ನು ಮೊದಲು ಕುಕ್ಕರಿನಲ್ಲಿ ಬೇಯಿಸಿಕೊಳ್ಳಬೇಕು. ಮಲೆನಾಡಿನವರಿಗೆ ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ ಸಿಗುತ್ತದೆ. ಅದನ್ನು ಸಣ್ಣಗೆ ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ಕಳಲೆಯಲ್ಲಿ ವಿಷದ ಅಂಶ ಇರುವುದರಿಂದ ಈ ಹಂತ ಬಿಡುವಂತಿಲ್ಲ.

ಬಯಲುಸೀಮೆಯಲ್ಲಿ ಮಳೆ ಬಿದ್ದ ಮೇಲೆ ಹೊಲದಲ್ಲಿ ತಾನಾಗಿ ಬರುವ ಬೆರಕೆ ಸೊಪ್ಪನ್ನು ಹಳ್ಳಿ ಹೆಂಗಸರು ತಂದು ಮಾರುತ್ತಾರೆ. ಅರ್ಧ ಲೋಟ ತೊಗರಿಬೇಳೆ, ಸೊಪ್ಪು, ಟೊಮೆಟೊ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಒಟ್ಟಿಗೆ ಬೇಯಿಸಿ. ಹುಣಸೆರಸ, ಉಪ್ಪು ಹಾಕಿ ಕಡಗೋಲಿನಿಂದ ಮಸೆದು ಒಗ್ಗರಣೆ ಕೊಟ್ಟರೆ ಮಸ್ಸೊಪ್ಪು. ಕೊಳ್ಳುವಾಗ ಇದು ಯಾವ ಸೊಪ್ಪು, ಹೇಗೆ ಮಾಡೋದು ಎಂದು ಮಾರುವವರನ್ನೇ ಕೇಳಿ, ಖುಷಿಯಿಂದ ಹೇಳಿಕೊಡುತ್ತಾರೆ. ಗುರುತು ಸಿಗದ ಸೊಪ್ಪನ್ನು ಮಾತ್ರ ನೀವೇ ಕಿತ್ತು ತಂದು ಬೇಯಿಸಬೇಡಿ.