ದುಬೈಲಿ ಈಗ ಗಂಟೆ ಎಷ್ಟು? ಗಲ್ಫ್ ಟೈಮ್ ಲೆಕ್ಕ ಹಾಕೋದು ಹೀಗೆ

ನಮ್ಮ ಕರಾವಳಿ ಕಡೆ ಮನೆಗೊಬ್ರು ಅನ್ನೋ ಹಾಗೆ ಗಲ್ಫಲ್ಲಿ ಇದ್ದಾರೆ, ಆದ್ರೂ ಫೋನ್ ಮಾಡೋ ಹೊತ್ತಿಗೆ "ಅಲ್ಲಿ ಈಗ ಎಷ್ಟು ಗಂಟೆ ಮಾರಾಯ್ರೆ" ಅಂತ ಕೇಳೋದು ನಿಂತಿಲ್ಲ.

ಮೊದಲು ದೇಶ ಯಾವ್ದು ಅಂತ ನೋಡ್ಕೊಳ್ಳಿ. ಗಲ್ಫ್ ಅಂದ್ರೆ ಎಲ್ಲ ಕಡೆ ಒಂದೇ ಟೈಮ್ ಅಲ್ಲ, ಎಡವಟ್ಟು ಆಗೋದೇ ಇಲ್ಲಿ. ದುಬೈ, ಅಬುಧಾಬಿ, ಶಾರ್ಜಾ ಎಲ್ಲ ಸೇರಿದ ಯುಎಇ, ಮತ್ತೆ ಮಸ್ಕತ್ ಇರೋ ಒಮಾನ್, ಇವೆರಡರದ್ದು ಗಲ್ಫ್ ಸ್ಟ್ಯಾಂಡರ್ಡ್ ಟೈಮ್, ಅಂದ್ರೆ ಲೋಕದ ಗಡಿಯಾರಕ್ಕೆಲ್ಲ ಅಳತೆ ಅನ್ನೋ ಲಂಡನ್ನಿನ ಗ್ರೀನಿಚ್ ಟೈಮ್‌ಗಿಂತ 4 ಗಂಟೆ ಮುಂದೆ. ಸೌದಿ, ಕುವೈತ್, ಕತಾರ್, ಬಹ್ರೇನ್ ಬರೀ 3 ಗಂಟೆ ಮುಂದೆ.

ಇನ್ನು ಕಳೀರಿ. ನಾವು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ ಇರೋದ್ರಿಂದ ದುಬೈ, ಮಸ್ಕತ್‌ಗೆ ಒಂದೂವರೆ, ಕತಾರಿನ ದೋಹಾ, ಸೌದಿಯ ರಿಯಾದ್‌ಗೆ ಎರಡೂವರೆ ಗಂಟೆ ಕಳೆದ್ರಾಯ್ತು. ಇಲ್ಲಿ ರಾತ್ರಿ 9 ಆದ್ರೆ ದುಬೈಲಿ 7:30, ದೋಹಾದಲ್ಲಿ 6:30. ಲಂಡನ್ ಥರ ಬೇಸಿಗೆಗೊಂದು ಚಳಿಗಾಲಕ್ಕೊಂದು ಅಂತ ಗಡಿಯಾರ ತಿರುಗಿಸೋ ರಗಳೆ ಈ ದೇಶಗಳಲ್ಲಿ ಇಲ್ಲ, ಪುಣ್ಯ.

ಬರ್ತ್‌ಡೇ ವಿಶ್ ಮಾಡೋರು ತಾರೀಕು ನೋಡಿ, ಇಲ್ಲಿ ಸರಿಯಾಗಿ 12 ಹೊಡೆದಾಗ ದುಬೈಲಿ ಇನ್ನೂ ಹಿಂದಿನ ದಿನದ ರಾತ್ರಿ ಹತ್ತೂವರೆ.

ಫ್ಲೈಟ್ ಟಿಕೆಟ್ ವಿಷ್ಯ ಸ್ವಲ್ಪ ನಿಧಾನಕ್ಕೆ ಓದಿ. ಅದ್ರಲ್ಲಿ ಹೊರಡೋ ಟೈಮ್ ಹೊರಡೋ ಊರಿಂದು, ಇಳಿಯೋ ಟೈಮ್ ಇಳಿಯೋ ಊರಿಂದು. ಮಂಗಳೂರಿಂದ ಬೆಳಿಗ್ಗೆ 8ಕ್ಕೆ ಹೊರಟು 10ಕ್ಕೆ ದುಬೈ ಅಂತಿದ್ರೆ ಎರಡೇ ಗಂಟೆ ದಾರಿ ಅಂದ್ಕೋಬೇಡಿ, ಆ ಒಂದೂವರೆ ಸೇರಿಸಿ, ಮೂರೂವರೆ. ಇನ್ನು 15ನೇ ತಾರೀಕು ರಾತ್ರಿ 12:30ರ ಫ್ಲೈಟ್ ಅಂದ್ರೆ 14ರ ರಾತ್ರಿನೇ ಊಟ ಮುಗಿಸಿ ಏರ್‌ಪೋರ್ಟಲ್ಲಿ ಇರ್ಬೇಕು, ನಮ್ಮ ಭಾವ 15ರ ರಾತ್ರಿ ಪೆಟ್ಟಿಗೆ ಕಟ್ಕೊಂಡು ಆರಾಮಾಗಿ ಹೋಗಿದ್ರು, ವಿಮಾನ ಹೋಗಿ ಒಂದು ದಿನ ಆಗಿತ್ತು.

ರಜೆ ದಿನಾನೂ ಬೇರೆ ಬೇರೆ. ಯುಎಇ ಕೇಂದ್ರ ಸರ್ಕಾರದ ಆಫೀಸುಗಳಿಗೆ 2022ರಿಂದ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಒಮಾನಲ್ಲಿ ಈಗ್ಲೂ ಶುಕ್ರವಾರ, ಶನಿವಾರವೇ.

ಅಮ್ಮ ಮಾತ್ರ ಈ ಲೆಕ್ಕ ಎಲ್ಲ ಬೇಡ ಅಂತ ದೇವರ ಕೋಣೆ ಬಾಗಿಲ ಮೇಲೆ ಇನ್ನೊಂದು ಗಡಿಯಾರ ಹಾಕ್ಸಿ ಒಂದೂವರೆ ಗಂಟೆ ಹಿಂದಕ್ಕೆ ಇಟ್ಕೊಂಡಿದ್ದಾರೆ. ತಮ್ಮ ಹೋದ ವರ್ಷ ದುಬೈ ಬಿಟ್ಟು ಕುವೈತ್‌ಗೆ ಹೋದ, ಗಡಿಯಾರ ಇನ್ನೂ ದುಬೈಲೇ ಇದೆ, ಅವ್ನು ಡ್ಯೂಟಿ ಮುಗಿಸೋಕೆ ಇನ್ನೂ ಒಂದು ಗಂಟೆ ಇರುವಾಗ್ಲೇ ದಿನಾ ಅಮ್ಮನ ಫೋನ್ ಬರುತ್ತೆ.