ದನ, ಧನ ಬೇರೆ ಬೇರೆ ಕಾಣುವ ಫಾಂಟ್

ಹಿರಿಯರೇ ಹೆಚ್ಚಿರುವ ಸಹಕಾರ ಸಂಘವೊಂದರ ವಾರ್ಷಿಕ ವರದಿಗೆ ಪುಟ ಕಟ್ಟಿಕೊಡುವುದು ನನ್ನ ಕೆಲಸ. ಓದಲಾಗುವುದಿಲ್ಲ ಎಂಬ ದೂರು ಬಂದಾಗಲೆಲ್ಲ ಮುದ್ರಕರದು ಒಂದೇ ಮಂತ್ರ: ಗಾತ್ರ ಎರಡು ಪಾಯಿಂಟ್ ಏರಿಸಿ. ಫಾಂಟನ್ನೇ ಬದಲಿಸುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ಈ ವರ್ಷ ಆ ದೂರು ಬರಲಿಲ್ಲ, ನಕ್ಕವರು ಈಗ ಫಾಂಟಿನ ಹೆಸರು ಕೇಳುತ್ತಿದ್ದಾರೆ.

ಗಾತ್ರ ಏರಿಸಿಯೂ ನೋಡಿದ್ದೆವು. ಪುಟಗಳು ಕಾಲುಭಾಗದಷ್ಟು ಹೆಚ್ಚಿದವು, ಬಿಲ್ಲು ಐದಾರು ಸಾವಿರ ರೂಪಾಯಿ ಏರಿತು, ದೂರು ಇಳಿಯಲಿಲ್ಲ. ಆಮೇಲೆ ದಪ್ಪಕ್ಷರ. ಅದು ಇನ್ನೂ ಕೆಟ್ಟಿತು. ಧ, ಭ, ಢಗಳ ಬುಡದಲ್ಲಿರುವ ಸೀಳಿಗೆ ಮೊದಲು ಶಾಯಿ ತುಂಬುವುದು ದಪ್ಪಕ್ಷರದಲ್ಲೇ. ‘ಮೂಲಧನ’ ‘ಮೂಲದನ’ವಾದ ವರದಿಯನ್ನು ಸಭೆಯ ಮುಂದಿಡುವುದು ಹೇಗೆ?

ನಾಲ್ಕು ಸಾವಿರದಷ್ಟು ಕೊಟ್ಟು ಕೊಂಡ ಫಾಂಟೊಂದು ಕಾಗದದಲ್ಲಿ ಚೆಂದವಾಗಿಯೇ ಇತ್ತು. ಆದರೆ ಅದು ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಸಂಕೇತ ಕೊಡುವ ಪದ್ಧತಿ) ಅಲ್ಲ. ಪಿಡಿಎಫ್ ಕಳಿಸಿದರೆ ದೃಷ್ಟಿದೋಷವಿರುವ ಸದಸ್ಯರೊಬ್ಬರ ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು ಒದರತೊಡಗಿತು. ಆ ದುಡ್ಡು ಹೋಯಿತು.

ದಾರಿ ತೋರಿದ್ದು ಅಮೆರಿಕದ ಬ್ರೈಲ್ ಇನ್‌ಸ್ಟಿಟ್ಯೂಟ್ ಮಾಡಿಸಿದ ಅಟ್ಕಿನ್‌ಸನ್ ಹೈಪರ್‌ಲೆಜಿಬಲ್ ಎಂಬ ಫಾಂಟ್. ಅದರಲ್ಲಿ ಕನ್ನಡವಿಲ್ಲ, ನನಗೆ ಬೇಕಾದದ್ದು ಅದರ ಹಟ: ಅಕ್ಷರಗಳು ಒಂದೇ ಅಚ್ಚಿನವಾಗಿ ಕಾಣುವುದಕ್ಕಿಂತ ಒಂದು ಇನ್ನೊಂದಾಗಿ ಕಾಣದಿರುವುದು ಮುಖ್ಯ. ಥ-ಧ, ಘ-ಫ, ವು-ಮ ಹೀಗೆ ಜಗಳಗಂಟಿ ಜೋಡಿಗಳನ್ನು ಪಟ್ಟಿ ಮಾಡಿದೆ. ಅವುಗಳಿಂದ ಅರ್ಥವಿಲ್ಲದ ಪದಗಳನ್ನು ಕಟ್ಟಿ, 9 ಪಾಯಿಂಟ್‌ನಲ್ಲಿ ಮುದ್ರಿಸಿ, ಜೆರಾಕ್ಸಿನ ಜೆರಾಕ್ಸ್ ತೆಗೆಸಿ, ಹಿರಿಯರಿಂದ ಕನ್ನಡಕವಿಲ್ಲದೆ ಓದಿಸಿದೆ. ಅರ್ಥವಿದ್ದರೆ ಅಂದಾಜಿನಲ್ಲಿಯೇ ಓದಿಬಿಡುತ್ತಾರೆ. ನನ್ನ ಪರೀಕ್ಷಾ ಸಾಲು ಯಾವುದೆಂದು ಇಲ್ಲಿ ಹೇಳುವುದಿಲ್ಲ, ಅದನ್ನು ತಿದ್ದಿ ತೀಡಲು ತಿಂಗಳುಗಳೇ ಹಿಡಿದಿವೆ.

ಹೋಲಿಸುವಾಗ ಪಾಯಿಂಟ್ ಸಂಖ್ಯೆಯನ್ನು ನಂಬಬೇಡಿ. ಒಂದು ಫಾಂಟಿನ 12 ಇನ್ನೊಂದರ 14ರಷ್ಟು ಕಾಣುವುದುಂಟು. ‘ವ’ದ ಎತ್ತರವನ್ನು ಸ್ಕೇಲಿನಲ್ಲಿ ಅಳೆದು ಸಮ ಮಾಡಿಕೊಳ್ಳಿ.

ಕೊನೆಗೆ ಗೆದ್ದದ್ದು ಬಿಟ್ಟಿಯಾಗಿ ಸಿಗುವ ನೋಟೋ ಸ್ಯಾನ್ಸ್ ಕನ್ನಡ, ಅದೂ ಸಾದಾ ತೂಕದ್ದು, ಎಂದರೆ ದಪ್ಪ ಮಾಡದ್ದು. ಸಾಲಿನ ಅಂತರ ಸುಮಾರು ಒಂದೂವರೆ ಪಟ್ಟು. ‘ರಾಷ್ಟ್ರ’ದ ಎರಡಂತಸ್ತಿನ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆಯೇ ಎಂದು ನೋಡಿ ಅಂತರ ನಿಗದಿಮಾಡಿದೆ. ಬಲ ಅಂಚು ನೇರ ಮಾಡುವ ಚಟವನ್ನೂ ಬಿಟ್ಟೆ. ಪದಗಳ ನಡುವಿನ ಹೊಂಡಗಳು ಅದರಿಂದಲೇ ಹುಟ್ಟುತ್ತಿದ್ದವು. ಗಾತ್ರ ಹಿಂದಕ್ಕಿಳಿದದ್ದರಿಂದ ಪುಟಗಳೂ ಹೆಚ್ಚುಕಡಿಮೆ ಮೊದಲಿನಷ್ಟೇ ಆದವು.

ನಡುವೆ ಕಾಗದದ ಮೇಲೂ ಕೈಯಾಡಿಸಿದೆ. ಹೊಳಪಿನ ಕಾಗದಕ್ಕಿಂತ ಮಂಕು ಬಣ್ಣದ್ದು ಅಗ್ಗ, ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಕುಕ್ಕುವುದೂ ಇಲ್ಲ. ಮುದ್ರಕರಿಗೆ ಮಾತ್ರ ಅದು ಇಷ್ಟವಾಗಲಿಲ್ಲ, ಲಾಭ ಕಡಿಮೆಯಲ್ಲವೇ!

ಇನ್ನು ಉಳಿದಿರುವುದು ಅಂಕಿಗಳ ತಕರಾರು. ಕೋಷ್ಟಕದಲ್ಲೂ ಕನ್ನಡ ಅಂಕಿಯೇ ಬೇಕೆಂದು ಖಜಾಂಚಿಯವರ ಪಟ್ಟು. ಜೆರಾಕ್ಸಿನಲ್ಲಿ ೬ ಮತ್ತು ೯ನ್ನು ಅವರೇ ಅದಲುಬದಲಾಗಿ ಓದಿದ ಹಾಳೆಯನ್ನು ಫೈಲಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ, ಮುಂದಿನ ಸಭೆಗೆ ಬೇಕಾಗುತ್ತದೆ.