ಗುಲಾಮಗಿರಿಯ ಪರಿಹಾರ ಬಡವರನ್ನು ಒಡೆಯುತ್ತದಾ? ಒಂದು ಯೋಜನೆಯನ್ನು ತೂಗಿ ನೋಡುವುದು ಹೇಗೆ

ಅಮೆರಿಕದಲ್ಲಿ ಗುಲಾಮಗಿರಿಗೆ, ಆಮೇಲಿನ ತಾರತಮ್ಯಕ್ಕೆ ಕಪ್ಪು ಜನರಿಗೆ ಹಣದ ಪರಿಹಾರ ಕೊಡಬೇಕು ಅಂದ ಕೂಡಲೇ "ಹಾಗಾದ್ರೆ ಬಡ ಬಿಳಿಯರ ಗತಿಯೇನು?" ಅನ್ನುವ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಪರ-ವಿರೋಧ ಅಂತ ಸುಮ್ನೆ ಕಿತ್ತಾಡುವ ಬದಲು ಕಣ್ಣ ಮುಂದಿರುವ ಯೋಜನೆಯನ್ನು ಬಿಡಿಸಿ ನೋಡಿ.

ಮೊದಲು ಇದು ನೆರವೋ, ಬಾಕಿಯೋ ಅಂತ ಕೇಳಿ. 1862ರಲ್ಲಿ ವಾಷಿಂಗ್ಟನ್ ನಗರದಲ್ಲಿ ಗುಲಾಮಗಿರಿ ರದ್ದಾದಾಗ ಸರ್ಕಾರ ಬಿಡುಗಡೆಯಾದ ಗುಲಾಮರ ತಲೆಗೆ 300 ಡಾಲರ್‌ವರೆಗೆ ಪರಿಹಾರ ಕೊಟ್ಟಿತು, ಕೊಟ್ಟಿದ್ದು ಒಡೆಯರಿಗೆ! 1865ರಲ್ಲಿ ಜನರಲ್ ಶೆರ್ಮನ್ ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆವರೆಗೆ ಜಮೀನು ಹಂಚಲು ಆದೇಶ ಮಾಡಿದರು, ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ಹಳೇ ಒಡೆಯರಿಗೇ ವಾಪಸ್ ಕೊಡಿಸಿದರು. ಇದು ಬಾಕಿ, ದಾನ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಶಿಬಿರಗಳಲ್ಲಿ ಕೂಡಿಹಾಕಿದ್ದ ಜಪಾನಿ ಮೂಲದ ಅಮೆರಿಕನ್ನರಲ್ಲಿ ಬದುಕಿದ್ದವರಿಗೆ 1988ರ ಕಾನೂನು ತಲಾ 20,000 ಡಾಲರ್ ಕೊಟ್ಟಿತು. ನೀನು ಬಡವನಾ ಅಂತ ಆಗ ಯಾರನ್ನೂ ಕೇಳಲಿಲ್ಲ, ಅಲ್ವಾ?

ಆಮೇಲೆ, ಯಾರಿಗೆ, ಯಾವ ಅನ್ಯಾಯಕ್ಕೆ ಅನ್ನೋದು ಸ್ಪಷ್ಟ ಇದೆಯಾ ನೋಡಿ. ಇಲಿನಾಯ್ ರಾಜ್ಯದ ಎವನ್‌ಸ್ಟನ್ ಊರು 1919ರಿಂದ 1969ರ ನಡುವೆ ಅಲ್ಲಿದ್ದ ಕಪ್ಪು ನಿವಾಸಿಗಳಿಗೆ ಮತ್ತು ಅವರ ನೇರ ವಂಶಸ್ಥರಿಗೆ, ಮನೆ ವಿಷಯದಲ್ಲಾದ ತಾರತಮ್ಯಕ್ಕಾಗಿ, 25,000 ಡಾಲರ್ ಗೊತ್ತುಮಾಡಿತು. ಕಾರಣ ಖಚಿತವಾಗಿತ್ತು. ಕೊಡುವ ರೀತಿಯಲ್ಲಿ ಮಾತ್ರ ಎಡವಿತು: ಶುರುವಿನಲ್ಲಿ ಆ ಹಣ ಮನೆ ಕೊಳ್ಳಲು, ರಿಪೇರಿಗೆ, ಗೃಹಸಾಲಕ್ಕೆ ಮಾತ್ರ. ಬಾಡಿಗೆಗಿರುವ, ಮನೆ ಕೊಳ್ಳುವ ಶಕ್ತಿಯೇ ಇಲ್ಲದ ಮುದುಕಿಗೆ ಅದರಿಂದೇನು ಬಂತು? ನಗದು ಪಡೆಯುವ ಅವಕಾಶ ಬಂದದ್ದು 2023ರಲ್ಲಿ. ಒಡಕು ಕಪ್ಪು-ಬಿಳಿಯರ ನಡುವೆಯೇ ಬರಬೇಕಿಲ್ಲ, ಪಡೆಯುವವರ ಒಳಗೂ ಬರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದದ್ದು ದುಡ್ಡು ಎಲ್ಲಿಂದ ಬರುತ್ತದೆ ಅನ್ನೋದಕ್ಕೆ. ಎವನ್‌ಸ್ಟನ್ ಮೊದಲು ಗಾಂಜಾ ಮಾರಾಟದ ತೆರಿಗೆಯನ್ನು ಇದಕ್ಕೆ ಇಟ್ಟಿತು, ಹೊಸ ಆದಾಯವಾದ್ದರಿಂದ ಯಾರ ತಟ್ಟೆಯಿಂದಲೂ ಕಿತ್ತುಕೊಂಡಂತೆ ಆಗಲಿಲ್ಲ. ಅದೇ ಒಂದು ಊರು ಶಾಲೆಯ ಹಣ, ಆಸ್ಪತ್ರೆಯ ಹಣ, ಆಹಾರ ನೆರವು ಕಡಿದು ಪರಿಹಾರ ಕೊಟ್ಟರೆ ಬಡವರು ಬಡವರನ್ನೇ ದ್ವೇಷಿಸುತ್ತಾರೆ, ಹಣ ಉಳಿಸಿಕೊಂಡವರು ದೂರ ನಿಂತು ನೋಡುತ್ತಾರೆ. ಬಜೆಟ್ ತರಿಸಿ, ಹಿಂದಿನ ವರ್ಷದ್ದರ ಪಕ್ಕ ಇಟ್ಟು ಓದಿ. "ಪರಿಹಾರ ಕೊಟ್ಟಾಯ್ತಲ್ಲ" ಅಂತ ಮಾಮೂಲಿ ಬಡವರ ಯೋಜನೆ ಕತ್ತರಿಸುತ್ತಿದ್ದರೆ ಅದನ್ನು ವಿರೋಧಿಸಿ, ಪರಿಹಾರವನ್ನಲ್ಲ.

ಬಡ ಬಿಳಿಯರ ಹತ್ತಿರ ಮಾತಾಡುವಾಗ ಅವರ ಕಷ್ಟ ಸಣ್ಣದು ಅನ್ನಬೇಡಿ. 1969ರಲ್ಲಿ ಷಿಕಾಗೋದಲ್ಲಿ ಬ್ಲ್ಯಾಕ್ ಪ್ಯಾಂಥರ್ ಅನ್ನುವ ಕಪ್ಪು ಜನರ ಪಕ್ಷದ ಯುವ ನಾಯಕ ಫ್ರೆಡ್ ಹ್ಯಾಂಪ್ಟನ್ ಕಪ್ಪು ಯುವಕರನ್ನು, ಪೋರ್ಟೊರಿಕೊ ಮೂಲದವರನ್ನು, ಅಪಲೇಚಿಯಾ ಗುಡ್ಡಗಾಡಿನಿಂದ ಬಂದ ಬಡ ಬಿಳಿಯರನ್ನು ಒಂದೇ ಒಕ್ಕೂಟದಲ್ಲಿ ಸೇರಿಸಿದರು. ತಮಗಾದ ಅನ್ಯಾಯದ ಮಾತನ್ನು ಯಾರೂ ಬಿಟ್ಟುಕೊಡಬೇಕಾಗಲಿಲ್ಲ. ಹಾಗಾಗಿ ಊರಿನ ಸಭೆಗೆ ಹೋಗುವಾಗ ಎರಡು ಬೇಡಿಕೆಯನ್ನೂ ಒಟ್ಟಿಗೆ ಬರೆದುಕೊಂಡು ಹೋಗಿ: ಕಪ್ಪು ಜನರ ಬಾಕಿ ತೀರಲಿ, ಎಲ್ಲ ಬಡವರ ಬಾಡಿಗೆ, ಔಷಧಿಯ ನೆರವೂ ಕಡಿಮೆಯಾಗದಿರಲಿ.